ಪರಲೋಕವು ಕೂಲಿಯೋ, ತಂದೆಯ ಮನೆಯೋ?

ಪರಲೋಕವೆಂಬ ಮಾತು ಪ್ರತಿದಿನವೂ ನಮ್ಮ ಬಾಯಲ್ಲಿರುವದು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಆ ಮಾತಿನಿಂದಲೇ ಆರಂಭಿಸುತ್ತೇವೆ; ತೀರಿಹೋದವರನ್ನು ಮಣ್ಣುಮಾಡುವಾಗಲೂ ಅದೇ ಮಾತನ್ನು ಹೇಳಿ ದುಃಖಿತರನ್ನು ಸಂತೈಸುತ್ತೇವೆ. ಆದರೆ ಅದರ ಅರ್ಥವೇನೆಂದು ರಾವಂದೂರಿನ ಕಡೆಯ ನೆರೆಯವನೊಬ್ಬನು ಕೇಳಿದರೆ, ನಮ್ಮಲ್ಲಿ ಎಷ್ಟು ಮಂದಿ ತಡವರಿಸದೆ ಉತ್ತರ ಕೊಡುವೆವು? ಒಬ್ಬನು ಮೇಲಕ್ಕೆ ಬೆರಳು ತೋರಿಸುವನು. ಮತ್ತೊಬ್ಬನು ಅದು ಸತ್ತ ಮೇಲೆ ದೊರೆಯುವ ಸುಖವೆನ್ನುವನು. ಮೂರನೆಯವನು ಒಳ್ಳೆಯವರಿಗೆ ದೇವರು ಕೊಡುವ ಕೂಲಿಯೆನ್ನುವನು. ಈ ಮೂರು ಉತ್ತರಗಳಲ್ಲಿ ಸತ್ಯವೆಷ್ಟು, ಕೊರತೆಯೆಷ್ಟು ಎಂಬದನ್ನು ಸತ್ಯವೇದದ ಬೆಳಕಿನಲ್ಲಿ ವಿಚಾರಿಸೋಣ. ಇದು ಪಂಡಿತರಿಗೆ ಮಾತ್ರ ಸೇರಿದ ಚರ್ಚೆಯಲ್ಲ. ಪರಲೋಕವನ್ನು ನಾವು ಹೇಗೆ ತಿಳಿಯುತ್ತೇವೋ ಅದಕ್ಕೆ ತಕ್ಕಂತೆ ನಮ್ಮ ಆಳುಗಳನ್ನೂ ನೆರೆಯವರನ್ನೂ ಗತಿಸಿದ ಹಿರಿಯರನ್ನೂ ಕಾಣುತ್ತೇವೆ.

ಮೊದಲು ಮಾತನ್ನು ನೋಡೋಣ. ಹಳೆಯ ಒಡಂಬಡಿಕೆಯ ಇಬ್ರಿಯ ಭಾಷೆಯಲ್ಲಿ ಶಾಮಯಿಮ್ ಎಂಬ ಶಬ್ದವೂ, ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಉರಾನೊಸ್ ಎಂಬ ಶಬ್ದವೂ ಇವೆ. ಮಳೆ ಸುರಿಯುವ ಆಕಾಶಕ್ಕೂ ದೇವರ ಸನ್ನಿಧಿಗೂ ಆ ಭಾಷೆಗಳವರು ಒಂದೇ ಶಬ್ದವನ್ನು ಹೇಳುತ್ತಿದ್ದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ರವರು 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಮುಂದೆ ಬಾಸೆಲ್ ಮಿಷನ್ನಿನ ವೈಗಲೆಯವರೂ ಇತರರೂ ಅದನ್ನು ತಿದ್ದಿದರು. ಇವರ ಹಿಂದೆ ಬಂದ ನಮ್ಮ ಸತ್ಯವೇದವು ಆದಿಕಾಂಡದ ಮೊದಲನೆಯ ವಚನದಲ್ಲಿ ಆಕಾಶವೆಂದೂ, ಕರ್ತನ ಪ್ರಾರ್ಥನೆಯಲ್ಲಿ ಪರಲೋಕವೆಂದೂ ಎರಡು ಶಬ್ದಗಳನ್ನು ಬಳಸುತ್ತದೆ. ರೋಮನ್ ಕಥೋಲಿಕ ಸಹೋದರರು ತಮ್ಮ ಪ್ರಾರ್ಥನೆಯಲ್ಲಿ ಸ್ವರ್ಗವೆಂದು ಹೇಳುತ್ತಾರೆ. ಆ ಶಬ್ದದಲ್ಲಿ ದೋಷವಿಲ್ಲ. ಆದರೆ ನಮ್ಮ ನಾಡಿನ ಕಿವಿಗೆ ಅದು ಬೇರೊಂದು ಅರ್ಥವನ್ನೂ ತರುತ್ತದೆ. ಭಗವದ್ಗೀತೆಯ 9ನೆಯ ಅಧ್ಯಾಯವು ತಿಳಿಸುವ ಪ್ರಕಾರ ಸ್ವರ್ಗವು ಪುಣ್ಯವಿರುವ ತನಕ ಅನುಭವಿಸುವ ಭೋಗ. ಪುಣ್ಯವು ತೀರಿದ ಮೇಲೆ ಮತ್ತೆ ಮರ್ತ್ಯಲೋಕಕ್ಕೆ ಬರಬೇಕು. ಅದು ಗಳಿಸಿದ ಹಣವನ್ನು ಖರ್ಚುಮಾಡುವಂತಿರುವದು. ಸತ್ಯವೇದವು ಹೇಳುವ ಪರಲೋಕವಾದರೋ ಗಳಿಕೆಯಿಂದ ದೊರೆಯುವದೂ ಅಲ್ಲ, ಖರ್ಚಾಗಿ ತೀರುವದೂ ಅಲ್ಲ.

ಪರಲೋಕವು ಮೇಲೆ ಇದೆಯೋ? 1961ರಲ್ಲಿ ರಷ್ಯದ ಗಗಾರಿನನು ಭೂಮಿಯ ಸುತ್ತ ಹಾರಿ ಬಂದನು. 2023ನೆಯ ಆಗಸ್ಟ್ 23ರಂದು ನಮ್ಮ ದೇಶದ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಅಷ್ಟು ದೂರದಿಂದ ಬರುವ ಸಂಕೇತಗಳನ್ನು ಹಿಡಿಯುವ ದೊಡ್ಡ ಬಟ್ಟಲಿನಂಥ ಯಂತ್ರಗಳು ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿವೆ. ಶಾಲೆಗೆ ಹೋಗುವ ಮಕ್ಕಳು, ಅಷ್ಟು ಮೇಲಕ್ಕೆ ಹೋದರೂ ಪರಲೋಕವು ಯಾಕೆ ಸಿಕ್ಕಲಿಲ್ಲವೆಂದು ಕೇಳಿದರೆ ಅವರನ್ನು ಗದರಿಸಬಾರದು. ಈ ಪ್ರಶ್ನೆಗೆ ಸೊಲೊಮೋನನು ಬಹುಕಾಲದ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ದೇವಾಲಯವನ್ನು ಪ್ರತಿಷ್ಠಿಸುವಾಗ ಅವನು ಮಾಡಿದ ಪ್ರಾರ್ಥನೆಯನ್ನು ಅರಸುಗಳ ಮೊದಲನೆಯ ಗ್ರಂಥದ 8ನೆಯ ಅಧ್ಯಾಯದಲ್ಲಿ ಓದಿರಿ. ಉನ್ನತೋನ್ನತವಾದ ಆಕಾಶವೂ ದೇವರಿಗೆ ಸಾಲದೆಂದು ಅವನು ಒಪ್ಪಿಕೊಂಡನು. ಹೀಗಿರಲಾಗಿ, ಮೇಲೆ ಎಂಬದು ದೂರವನ್ನು ಅಳೆಯುವ ಮಾತಲ್ಲ, ಘನತೆಯನ್ನು ತೋರಿಸುವ ಮಾತು. ಹಿರಿಯರನ್ನು ದೊಡ್ಡವರೆಂದು ಕರೆಯುವಾಗ ನಾವು ಅವರ ಎತ್ತರವನ್ನು ಅಳೆಯುವದುಂಟೇ?

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಮಾರ್ಕನೂ ಲೂಕನೂ ದೇವರ ರಾಜ್ಯವೆಂದು ಬರೆದ ಕಡೆಯಲ್ಲಿ ಮತ್ತಾಯನು ಹೆಚ್ಚಾಗಿ ಪರಲೋಕರಾಜ್ಯವೆಂದು ಬರೆಯುತ್ತಾನೆ. ಎರಡೂ ಒಂದೇ. ಯೆಹೂದ್ಯರು ದೇವರ ನಾಮವನ್ನು ಉಚ್ಚರಿಸುವದಕ್ಕೆ ಅಂಜಿ, ಅದರ ಬದಲಾಗಿ ಪರಲೋಕವೆಂದು ಹೇಳುವದುಂಟು. ನಮ್ಮ ಗ್ರಾಮಗಳಲ್ಲಿ ಹಿರಿಯ ಹೆಂಗಸರು ಗಂಡನ ಹೆಸರನ್ನು ಹೇಳದೆ ಮನೆಯವರು ಎನ್ನುವದಿಲ್ಲವೇ? ಮನೆಯವರು ಬಂದರೆಂದು ಕೇಳಿದವನು ಮನೆಯ ಗೋಡೆಯನ್ನು ನೆನಸುವದಿಲ್ಲ, ಯಜಮಾನನನ್ನೇ ನೆನಸುವನು. ಲೂಕನ 15ನೆಯ ಅಧ್ಯಾಯದಲ್ಲಿ ದುಂದುಗಾರನಾದ ಮಗನು ತಾನು ಪರಲೋಕಕ್ಕೆ ವಿರೋಧವಾಗಿ ಪಾಪಮಾಡಿದೆನೆಂದು ಹೇಳುವಾಗ ದೇವರನ್ನೇ ಕುರಿತು ಹೇಳುತ್ತಾನೆ. ಆದದರಿಂದ ಪರಲೋಕರಾಜ್ಯವೆಂದರೆ ಮೊದಲಾಗಿ ಸತ್ತ ಮೇಲೆ ಸೇರುವ ಒಂದು ಸೀಮೆಯಲ್ಲ, ದೇವರ ಆಳಿಕೆಯೇ. ದೇವರ ಚಿತ್ತವು ಎಲ್ಲಿ ತಡೆಯಿಲ್ಲದೆ ನಡೆಯುವದೋ ಅದೇ ಪರಲೋಕ. ಕರ್ತನ ಪ್ರಾರ್ಥನೆಯಲ್ಲಿ ನಮ್ಮನ್ನು ಇಲ್ಲಿಂದ ಕರಕೊಂಡು ಹೋಗೆಂದು ನಾವು ಬೇಡುವದಿಲ್ಲ. ಅಲ್ಲಿ ನಡೆಯುವಂಥದು ಇಲ್ಲಿಯೂ ನಡೆಯಬೇಕೆಂದು ಬೇಡುತ್ತೇವೆ. ಪ್ರಕಟನೆಯ 21ನೆಯ ಅಧ್ಯಾಯದಲ್ಲಿಯೂ ಜನರು ಮೇಲಕ್ಕೆ ಏರುವದಿಲ್ಲ. ಪರಿಶುದ್ಧ ಪಟ್ಟಣವೇ ಕೆಳಕ್ಕೆ ಇಳಿದು ಬರುತ್ತದೆ.

ನಮ್ಮ ನಾಡಿಗೆ ಈ ವಿಚಾರವು ಪೂರ್ಣವಾಗಿ ಹೊಸದೆಂದು ಹೇಳಲಾಗದು. 12ನೆಯ ಶತಮಾನದಲ್ಲಿ ಬಸವಣ್ಣನವರು ದೇವಲೋಕವನ್ನೂ ಮರ್ತ್ಯಲೋಕವನ್ನೂ ಮನುಷ್ಯನ ನಡೆನುಡಿಗಳಿಂದಲೇ ಅಳೆದರು. ಸುಳ್ಳು ಹೇಳುತ್ತಾ ಪರಲೋಕವನ್ನು ಹಾಡುವವನಿಗಿಂತ, ಆ ಮಾತನ್ನು ನಂಬಿ ಸತ್ಯವಾಗಿ ನಡೆಯುವ ನೆರೆಯವನು ದೇವರ ರಾಜ್ಯಕ್ಕೆ ದೂರವಾದವನಲ್ಲವೆಂದು ನಾವು ಸಂತೋಷದಿಂದ ಒಪ್ಪಿಕೊಳ್ಳಬೇಕು.

ಈಗ ಕೂಲಿಯ ವಿಷಯ. ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲಾ ಎಚ್ಚರವಿದ್ದು ಬೆಂಕಿ ಕಾಯುವ ಆಳಿನ ಕಷ್ಟವು ನಮಗೆ ಗೊತ್ತು. ಅವನಿಗೆ ಕೂಲಿ ಸಲ್ಲಬೇಕು, ಅದು ನ್ಯಾಯ. ಆದರೆ ದೇವರ ಸಂಗಡ ನಾವು ಇದೇ ಲೆಕ್ಕವನ್ನು ಹಿಡಿಯಬಹುದೋ? ಇಷ್ಟು ಪ್ರಾರ್ಥನೆ, ಇಷ್ಟು ಕಾಣಿಕೆ, ಇಷ್ಟು ತಾಳ್ಮೆ, ಅದಕ್ಕೆ ತಕ್ಕಷ್ಟು ಪರಲೋಕವೆಂದು ಎಣಿಸುವವನು ನೆರೆಯವನಿಗೆ ನೀರು ಕೊಡುವಾಗಲೂ ತನ್ನ ಲಾಭವನ್ನೇ ನೋಡುವನು. ನೆರೆಯವನ ದಾಹವು ಅವನ ಕಣ್ಣಿಗೆ ಬೀಳದು. ಮತ್ತಾಯನ 20ನೆಯ ಅಧ್ಯಾಯದ ಸಾಮ್ಯವು ಈ ಲೆಕ್ಕವನ್ನು ಮುರಿಯುತ್ತದೆ. ಸಾಯಂಕಾಲಕ್ಕೆ ಬಂದವನಿಗೂ ದಿನದ ಪೂರ್ತಿ ಕೂಲಿ ಸಿಕ್ಕಿತು, ಯಾಕಂದರೆ ಅವನ ಮನೆಯವರಿಗೂ ಆ ರಾತ್ರಿ ಊಟ ಬೇಕಾಗಿತ್ತು. ಆ ಯಜಮಾನನು ಯಾರ ಕೂಲಿಯನ್ನೂ ಕಡಿಮೆಮಾಡಲಿಲ್ಲವೆಂಬದನ್ನೂ ಮರೆಯಬಾರದು.

ಇಲ್ಲಿಯೇ ಒಂದು ದೊಡ್ಡ ಅಪಾಯವಿದೆ. ಪರಲೋಕದಲ್ಲಿ ಸುಖವುಂಟು, ಇಲ್ಲಿ ಸುಮ್ಮನೆ ತಾಳಿಕೊಳ್ಳೆಂದು ಬಡವನಿಗೆ ಬೋಧಿಸುವದು ಬಲವಂತನಿಗೆ ಬಹಳ ಅನುಕೂಲ. 1844ರಲ್ಲಿ ಕಾರ್ಲ್ ಮಾರ್ಕ್ಸ್ ಎಂಬ ಜರ್ಮನ್ ಪಂಡಿತನು ಧರ್ಮವನ್ನು ಅಫೀಮಿಗೆ ಹೋಲಿಸಿದನು. ನಾವು ಹೀಗೆ ಬೋಧಿಸಿದರೆ ಆ ಆಪಾದನೆಯು ನಮಗೆ ನ್ಯಾಯವಾಗಿಯೇ ತಗಲುವದು. ಸತ್ಯವೇದವು ಹಾಗೆ ಬೋಧಿಸುವದಿಲ್ಲ. ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಂದ ಹಿಡಿದುಕೊಂಡ ಕೂಲಿಯೇ ದೇವರ ಕಿವಿಯಲ್ಲಿ ಕೂಗುತ್ತದೆಂದು ಐಶ್ವರ್ಯವಂತರನ್ನು ಎಚ್ಚರಿಸುತ್ತಾನೆ. ನಮ್ಮ ದೇಶದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಾಗ ಅದರ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1976ರ ಕಾನೂನು ಜೀತವನ್ನು ರದ್ದುಮಾಡಿತು. ದೇವರ ಚಿತ್ತವು ಭೂಮಿಯಲ್ಲಿ ನೆರವೇರಲೆಂದು ಬೇಡುವವನು ಇಂಥ ನ್ಯಾಯವನ್ನು ಲೋಕದ ಸಂಗತಿಯೆಂದು ತಳ್ಳಿಬಿಡಲಾರನು. ತಾಳ್ಮೆಯು ಒಳ್ಳೆಯ ಗುಣವೇ. ಆದರೆ ಮತ್ತೊಬ್ಬನ ಕಷ್ಟಕ್ಕೆ ನಾವು ತಾಳ್ಮೆ ತೋರಿಸುವದು ಗುಣವಲ್ಲ.

ಆದರೆ ಇದಕ್ಕೆ ಪ್ರತಿಯಾಗಿ ಒಬ್ಬನು ಹೀಗೆ ಕೇಳಬಹುದು: ಪರಲೋಕವು ಈ ಭೂಮಿಯ ನ್ಯಾಯವಾದರೆ ಸಾಕಲ್ಲವೇ, ಸಾವಿನಾಚೆಯ ನಿರೀಕ್ಷೆಯು ಯಾಕೆ ಬೇಕು? ಇದಕ್ಕೆ ಉತ್ತರವನ್ನು ನಮ್ಮ ಸೀಮೆಯ ಚರಿತ್ರೆಯೇ ಕೊಡುವದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನರು 50 ಲಕ್ಷಕ್ಕೆ ಮೇಲ್ಪಟ್ಟಿದ್ದರು. 1876ರಿಂದ 1878ರ ವರೆಗೆ ಮಹಾ ಕ್ಷಾಮವು ಬಂತು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ. ಹಾದಿಯ ಮಗ್ಗುಲಲ್ಲಿ ಹಸಿದು ಬಿದ್ದ ಆ ಕೂಸುಗಳಿಗೆ 1950ರ ಸಂವಿಧಾನವು ಏನು ಮಾಡೀತು? 1976ರ ಕಾನೂನು ಅವರ ಕಣ್ಣೀರನ್ನು ಒರಸೀತೇ? ಮುಂದಿನವರ ಸುಖವು ಹಿಂದಿನವರ ಅನ್ಯಾಯಕ್ಕೆ ಪರಿಹಾರವಾಗುವದಿಲ್ಲ. ದೇವರು ನ್ಯಾಯವಂತನಾಗಿದ್ದರೆ ಸತ್ತವರಿಗೂ ಅವನು ದೇವರಾಗಿರಬೇಕು. ಆದದರಿಂದಲೇ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ, ನಮ್ಮ ನಿರೀಕ್ಷೆಯು ಈ ಜೀವಕ್ಕೆ ಮಾತ್ರ ಸೇರಿದ್ದಾದರೆ ನಮ್ಮಂಥ ನಿರ್ಭಾಗ್ಯರಿಲ್ಲವೆಂದು ಹೇಳಿದನು.

ಇಷ್ಟು ಹೇಳಿದ ಮೇಲೆ ಎಲ್ಲಕ್ಕಿಂತಲೂ ಕಠಿಣವಾದ ಪ್ರಶ್ನೆಯು ಎದುರು ನಿಲ್ಲುತ್ತದೆ. ಆ ಕ್ಷಾಮದಲ್ಲಿ ಸತ್ತವರಲ್ಲಿ ಬಹುಮಂದಿ ಕ್ರಿಸ್ತನ ಹೆಸರನ್ನೇ ಕೇಳಿದವರಲ್ಲ. ನಮ್ಮ ಮುತ್ತಜ್ಜ, ಮುತ್ತಜ್ಜಿಯರೂ ಅಂಥವರೇ. ಅವರಿಲ್ಲದ ಪರಲೋಕವು ನನಗೆ ಯಾಕೆ ಎಂದು ಮುದುಕಿಯೊಬ್ಬಳು ಕೇಳಿದರೆ ಏನು ಹೇಳೋಣ? ಕೆಲವರು ಅವಸರದಿಂದ, ಅವರೆಲ್ಲರೂ ನಾಶವಾದರೆಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪನ್ನು ಕೊಡುವ ಅಧಿಕಾರವು ಅವರಿಗೆ ಎಲ್ಲಿಂದ ಬಂತು? ರಕ್ಷಣೆ ಹೊಂದುವವರು ಕೊಂಚ ಮಂದಿಯೋ ಎಂದು ಒಬ್ಬನು ಕೇಳಿದಾಗ ಕರ್ತನು ಲೆಕ್ಕವನ್ನು ಹೇಳಲಿಲ್ಲ. ಇಕ್ಕಟ್ಟಾದ ಬಾಗಲಿನಲ್ಲಿ ಹೋಗುವದಕ್ಕೆ ನೀನು ಹೋರಾಡೆಂಬ ಅರ್ಥದಿಂದ ಕೇಳಿದವನ ಕಡೆಗೇ ಪ್ರಶ್ನೆಯನ್ನು ತಿರುಗಿಸಿದನು. ಇದು ಲೂಕನ 13ನೆಯ ಅಧ್ಯಾಯದಲ್ಲಿದೆ. ಮತ್ತಾಯನ 25ನೆಯ ಅಧ್ಯಾಯದಲ್ಲಿ ಬಲಗಡೆಯಲ್ಲಿ ನಿಂತವರೇ, ನಾವು ನಿನ್ನನ್ನು ಯಾವಾಗ ಕಂಡೆವೆಂದು ಆಶ್ಚರ್ಯಪಡುತ್ತಾರೆ. ಹಸಿದವನಿಗೆ ಅನ್ನವಿಟ್ಟಾಗ ಆತನಿಗೇ ಇಟ್ಟೆವೆಂದು ಅವರಿಗೆ ತಿಳಿದಿರಲಿಲ್ಲ. ಸರ್ವಲೋಕಕ್ಕೆ ನ್ಯಾಯಾಧಿಪತಿಯಾದವನು ನ್ಯಾಯವನ್ನೇ ನಡಿಸುವನೆಂಬ ಅಬ್ರಹಾಮನ ಭರವಸವು ನಮಗೂ ಸಾಕು. ಕ್ರಿಸ್ತನು ಇಲ್ಲದೆ ಯಾರಿಗೂ ರಕ್ಷಣೆಯಿಲ್ಲವೆಂದು ನಂಬುತ್ತೇವೆ. ಆದರೆ ಕ್ರಿಸ್ತನ ಕೈ ಎಷ್ಟು ಉದ್ದವೆಂದು ಅಳೆಯುವ ಕೆಲಸವು ನಮ್ಮದಲ್ಲ. ಆ ಮುದುಕಿಗೆ, ನಿನ್ನ ತಾಯಿಯನ್ನು ನಿನಗಿಂತ ಹೆಚ್ಚಾಗಿ ಪ್ರೀತಿಸುವವನ ಕೈಯಲ್ಲಿ ಆಕೆ ಇದ್ದಾಳಮ್ಮಾ ಎಂದು ಹೇಳುವದೇ ಸತ್ಯಕ್ಕೂ ಪ್ರೀತಿಗೂ ಒಪ್ಪುವ ಮಾತು.

ಹಾಗಾದರೆ ಪರಲೋಕವು ಏನು? ಯೋಹಾನನ 14ನೆಯ ಅಧ್ಯಾಯದಲ್ಲಿ ಕರ್ತನು ಅದನ್ನು ಬಹಳ ಬಿಡಾರಗಳುಳ್ಳ ತಂದೆಯ ಮನೆಯೆಂದು ತಿಳಿಸಿದನು. ಮಗನು ತಂದೆಯ ರಾಗಿಯ ಹೊಲದಲ್ಲಿ ಬೆವರು ಸುರಿಸುವಾಗ ಸಂಜೆಯ ಕೂಲಿಯನ್ನು ಎಣಿಸುವದಿಲ್ಲ. ಹೊಲವೂ ಮನೆಯೂ ತನ್ನವೆಂದು ಬಲ್ಲನು. ದುಂದುಗಾರನ ಅಣ್ಣನಾದರೋ ಮನೆಯಲ್ಲಿಯೇ ಇದ್ದರೂ ತನ್ನ ದುಡಿಮೆಯನ್ನು ಆಳಿನಂತೆ ಲೆಕ್ಕಹಾಕಿದನು. ತಮ್ಮನು ಬಂದನೆಂದು ಕೇಳಿ ಹೊರಗೆ ನಿಂತನು. ಒಳಗೆ ಹಬ್ಬ ನಡೆಯುತ್ತಿತ್ತು; ಬಾಗಲು ತೆರೆದಿತ್ತು; ತಂದೆಯೇ ಹೊರಗೆ ಬಂದು ಕರೆದನು. ಅವನನ್ನು ಹೊರಗೆ ಇರಿಸಿದ್ದು ತಂದೆಯ ಕೋಪವಲ್ಲ, ತಮ್ಮನ ಸಂಗಡ ಒಂದೇ ಪಂಕ್ತಿಯಲ್ಲಿ ಕೂತುಕೊಳ್ಳಲೊಲ್ಲದ ಅವನ ಮನಸ್ಸೇ.

ಸಹೋದರ ಸಹೋದರಿಯರೇ, ಇದನ್ನು ನಮ್ಮ ನಮ್ಮ ಸಭೆಗಳಲ್ಲಿ ಆಲೋಚಿಸಿರಿ. ಬೇರೆ ಕೇರಿಯಿಂದ ಬಂದವನ ಮಗ್ಗುಲಲ್ಲಿ ಕೂತುಕೊಳ್ಳದವರೂ, ಒಂದೇ ಬಟ್ಟಲಿನಿಂದ ಕುಡಿಯಲು ಹಿಂಜರಿಯುವವರೂ, ಮಗಳನ್ನು ಕೊಡುವಾಗ ಹಳೆಯ ಜಾತಿಯನ್ನೇ ಹುಡುಕುವವರೂ ನಮ್ಮಲ್ಲಿ ಇಲ್ಲವೋ? ಪ್ರಕಟನೆಯ 7ನೆಯ ಅಧ್ಯಾಯವು ಸಕಲ ಕುಲಗಳಿಂದಲೂ ಭಾಷೆಗಳಿಂದಲೂ ಬಂದ ಎಣಿಸಲಾಗದ ಸಮೂಹವು ಒಟ್ಟಾಗಿ ನಿಂತಿರುವದನ್ನು ತೋರಿಸುತ್ತದೆ. ಇಲ್ಲಿ ನೆರೆಯವನ ಸಂಗಡ ಕೂತುಕೊಳ್ಳಲಾರದವನಿಗೆ ಆ ಸಮೂಹವು ಸುಖವಾಗುವದು ಹೇಗೆ? ಆಳಿನ ಕೂಲಿಯನ್ನು ಹೊತ್ತು ಮುಳುಗುವದರೊಳಗೆ ಕೊಡಿರಿ. ಮುನಿಸಿಕೊಂಡ ಅಣ್ಣತಮ್ಮಂದಿರು ಮಾತಾಡಿರಿ. ದುಃಖದಲ್ಲಿರುವವರ ಮುಂದೆ ತೀರ್ಪಿನ ಮಾತುಗಳನ್ನು ಬಿಟ್ಟು ಅವರ ಕೈಹಿಡಿಯಿರಿ. ಇವುಗಳಿಂದ ನಾವು ಪರಲೋಕವನ್ನು ಕೊಂಡುಕೊಳ್ಳುವದಿಲ್ಲ. ತಂದೆಯ ಮನೆಯ ನಡತೆಯನ್ನು ಈಗಲೇ ಕಲಿಯುತ್ತೇವೆ. ಸಾವು ಬಂದು ಆ ಮನೆಯ ಬಾಗಲನ್ನು ತೆರೆಯುವ ದಿನ, ಅದು ನಮಗೆ ಗುರುತಿಲ್ಲದ ಮನೆಯಾಗಬಾರದು.