ಅದೇ ಶಾಲೆಗೆ ಮತ್ತೆ

ತಾನು ಪ್ರಿನ್ಸಿಪಾಲಳಾಗಿದ್ದ ಶಾಲೆಗೇ, ಅದೂ ತನ್ನನ್ನು ತೆಗೆದುಹಾಕಿದ ಶಾಲೆಗೆ, ಬರಿಯ ಲ್ಯಾಟಿನ್ ಟೀಚರಾಗಿ ಹಿಂದಿರುಗುವುದು ಮಾನಗೇಡೇ? ಅಮೆರಿಕದ ಆ್ಯನಾ ಜೂಲಿಯಾ ಕೂಪರ್ 1910ರಲ್ಲಿ ಹಾಗೆ ಹಿಂದಿರುಗಿದರು. ಅವರ ಬಗ್ಗೆ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅವರು 1858ರಲ್ಲಿ ಗುಲಾಮಳೊಬ್ಬಳ ಮಗಳಾಗಿ ಹುಟ್ಟಿದವರು. ಶಾಲೆಯಲ್ಲಿ ಗ್ರೀಕ್ ತರಗತಿ ಪಾದ್ರಿಗಳಾಗಲಿದ್ದ ಗಂಡಸರಿಗೆ ಮೀಸಲಾಗಿದ್ದರೂ ಕೇಳಿ ಸೇರಿಕೊಂಡರು. ಇಪ್ಪತ್ತೊಂದಕ್ಕೇ ವೈಧವ್ಯ. ಓಬರ್ಲಿನ್ ಕಾಲೇಜಿನಲ್ಲಿ 1884ರಲ್ಲಿ ಬಿ.ಎ. ಮುಗಿಸಿ, ಲ್ಯಾಟಿನ್, ಗ್ರೀಕ್, ಗಣಿತ ಕಲಿಸಿದರು. 1887ರಲ್ಲಿ ವಾಷಿಂಗ್ಟನ್ನಿನ ಎಂ ಸ್ಟ್ರೀಟ್ ಹೈಸ್ಕೂಲಿಗೆ ಬಂದರು. ಅದು ಕಪ್ಪು ಜನರ ಮಕ್ಕಳ ಶಾಲೆ. 1902ರಲ್ಲಿ ಅದರ ಪ್ರಿನ್ಸಿಪಾಲರಾದರು.

ಈ ಮಕ್ಕಳಿಗೆ ಲ್ಯಾಟಿನ್ ಯಾಕೆ, ಕೈಕಸುಬು ಸಾಕಲ್ಲ ಎನ್ನುತ್ತಿದ್ದ ಕಾಲ ಅದು. ಆದರೆ ಲ್ಯಾಟಿನ್ ಇಲ್ಲದೆ ದೊಡ್ಡ ಕಾಲೇಜುಗಳ ಬಾಗಿಲು ತೆರೆಯುತ್ತಿರಲಿಲ್ಲ. ಕೂಪರ್ ಪಾಠ ಬಿಡಲಿಲ್ಲ; ಅವರ ಹುಡುಗರು ಹಾರ್ವರ್ಡಿಗೂ ಹೋದರು. ಮೇಲಿನವರಿಗೆ ಅದು ಹಿಡಿಸಲಿಲ್ಲ. ವಿಚಾರಣೆ ನಡೆಯಿತು. ಅವರ ಮನೆಯಲ್ಲಿ ಬಾಡಿಗೆಗಿದ್ದ ಶಿಕ್ಷಕನ ಹೆಸರು ಸೇರಿಸಿ ಗುಸುಗುಸು ಹಬ್ಬಿತು. (ಹೆಂಗಸನ್ನು ಕುರ್ಚಿಯಿಂದ ಇಳಿಸಲು ಎಲ್ಲ ದೇಶದಲ್ಲೂ ಕೈಗೆ ಸಿಗುವ ಕೋಲು ಇದೊಂದೇ ಇರಬೇಕು.) 1906ರಲ್ಲಿ ಕೆಲಸ ಹೋಯಿತು. ಮಿಸ್ಸೂರಿಯ ಲಿಂಕನ್ ಇನ್‌ಸ್ಟಿಟ್ಯೂಟಿನಲ್ಲಿ ನಾಲ್ಕು ವರ್ಷ ಭಾಷೆಗಳನ್ನು ಕಲಿಸಿದರು. ಆಮೇಲೆ ಹಳೆಯ ಶಾಲೆಯಿಂದ ಕರೆ ಬಂತು, ಪ್ರಿನ್ಸಿಪಾಲ್ ಹುದ್ದೆಗಲ್ಲ.

"ನಾನಾಗಿದ್ದರೆ ಆ ಮೆಟ್ಟಿಲು ತುಳೀತಿರಲಿಲ್ಲ ಕಣ್ರೀ" ಎಂದರು ನಮ್ಮ ಸ್ಟಾಫ್ ರೂಮಿನ ಗೆಳತಿ. ಅವರ ಮಾತನ್ನು ಸುಮ್ಮನೆ ತಳ್ಳಿಹಾಕಲಾರೆ. ಹಿಂದಿರುಗಿದರೆ ಅನ್ಯಾಯ ಮಾಡಿದವರು ತಾವು ಮಾಡಿದ್ದೇ ಸರಿ ಎಂದುಕೊಳ್ಳಬಹುದು. ಗುಸುಗುಸು ಹೇಳಿದ ಬಾಯಿಗಳ ಎದುರೇ ದಿನಾ ಹಾಜರಿ ಹಾಕಬೇಕು. ಆದರೂ ನನಗನ್ನಿಸುವುದು, ಆ ಕುರ್ಚಿ ಅವರು ಕೊಟ್ಟದ್ದು, ಕಿತ್ತುಕೊಳ್ಳಬಹುದಿತ್ತು. ಲ್ಯಾಟಿನ್ ಕೂಪರ್ ಸ್ವಂತ ಸಂಪಾದಿಸಿದ್ದು. ಅದನ್ನು ಕಲಿಯಬೇಕಿದ್ದ ಮಕ್ಕಳು ಆ ಶಾಲೆಯಲ್ಲೇ ಇದ್ದರು. ತನ್ನ ಮಾನ ಕಾಯ್ದುಕೊಳ್ಳಲು ಆ ಮಕ್ಕಳ ಪಾಠ ತಪ್ಪಿಸುವ ಹಕ್ಕು ತನಗಿದೆಯೇ ಎಂದು ಅವರು ಕೇಳಿಕೊಂಡರೋ ಏನೋ, ನಾನಂತೂ ಕೇಳಿಕೊಳ್ಳುತ್ತೇನೆ.

1915ರಲ್ಲಿ ಅಣ್ಣನ ಮನೆತನದ ಐದು ಮಕ್ಕಳನ್ನು, ಅದರಲ್ಲೊಂದು ಕೈಗೂಸು, ತಂದು ಸಾಕಿದರು. ಶಾಲೆ, ಅಡುಗೆ, ಮಕ್ಕಳು, ಇವುಗಳ ನಡುವೆಯೇ ಓದಿ 1925ರಲ್ಲಿ ಪ್ಯಾರಿಸ್ಸಿನ ಸೊರ್ಬೋನಿನಿಂದ ಡಾಕ್ಟರೇಟ್ ಪಡೆದರು. ಆಗ ವಯಸ್ಸು ಅರವತ್ತು ದಾಟಿತ್ತು. 1930ರಲ್ಲಿ ನಿವೃತ್ತರಾದಾಗಲೂ ಆ ಶಾಲೆಯಲ್ಲಿ ಅವರು ಲ್ಯಾಟಿನ್ ಟೀಚರೇ.