ಮನೆ ಕಂದಾಯವೂ ಮನಸ್ಸಾಕ್ಷಿಯೂ

ಪಾಪನಿವೇದನೆಗೆ ಮುನ್ನ ನಾವು ಆತ್ಮಶೋಧನೆ ಮಾಡಿಕೊಳ್ಳುತ್ತೇವೆ. ಸುಳ್ಳು ಹೇಳಿದೆನೆ, ಪರರ ಹಣ ಮುಟ್ಟಿದೆನೆ, ನೆರೆಯವರಿಗೆ ಅನ್ಯಾಯ ಮಾಡಿದೆನೆ ಎಂದು ಕೇಳಿಕೊಳ್ಳುತ್ತೇವೆ. ಆದರೆ ಮನೆ ಕಂದಾಯದ ಫಾರಂ ತುಂಬುವಾಗ ಮಹಡಿಯ ಮೇಲಿನ ಬಾಡಿಗೆ ಕೋಣೆಯನ್ನು ಬಿಟ್ಟು ಬರೆದೆನೆ ಎಂದು ಎಷ್ಟು ಮಂದಿ ಕೇಳಿಕೊಳ್ಳುತ್ತೇವೆ? ಅದು ಸರ್ಕಾರದೊಡನೆ ಇರುವ ವ್ಯವಹಾರ, ಅದರಲ್ಲಿ ಪಾಪದ ಮಾತೇಕೆ ಎನ್ನುವವರುಂಟು. ಪ್ರಿಯ ಓದುಗರೇ, ಇದು ಸರಿಯೇ?

ಮೊದಲು ಯಾವ ಹಣ ಎಲ್ಲಿಗೆ ಸೇರುತ್ತದೆಂದು ತಿಳಿಯೋಣ. ನಮ್ಮ ತೆಂಗಿನ ಸೀಮೆಯಲ್ಲಿ ತೋಟದ ಭೂಕಂದಾಯ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಕೊಬ್ಬರಿಯ ಮೇಲೆ ಕೊಳ್ಳುವವರು ಕಟ್ಟುವ ಮಾರುಕಟ್ಟೆ ಶುಲ್ಕ ಎ.ಪಿ.ಎಂ.ಸಿ.ಗೆ ಹೋಗುತ್ತದೆ. ಮನೆ, ಅಂಗಡಿ, ನಿವೇಶನಗಳ ಆಸ್ತಿ ತೆರಿಗೆ ಮಾತ್ರ ಊರಿನಲ್ಲೇ ಉಳಿಯುತ್ತದೆ. ತಿಪಟೂರಿನಲ್ಲಿ ಅದು ನಗರಸಭೆಗೆ, ಚಿಕ್ಕನಾಯಕನಹಳ್ಳಿಯಲ್ಲಿ ಪುರಸಭೆಗೆ, ತುರುವೇಕೆರೆಯಲ್ಲಿ ಪಟ್ಟಣ ಪಂಚಾಯಿತಿಗೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗೆ ಸಲ್ಲುತ್ತದೆ. ನಮ್ಮ ಬೀದಿಯ ದೀಪ, ಚರಂಡಿ, ನಲ್ಲಿ, ಕಸ ಎತ್ತುವ ಕೆಲಸ ಇವೆಲ್ಲ ಈ ಸಂಸ್ಥೆಗಳ ಹೊಣೆ.

ಪಟ್ಟಣಗಳಲ್ಲಿ 2002ರಿಂದ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಇದೆ. ಕಟ್ಟಡದ ಅಳತೆ, ಬಗೆ, ವಯಸ್ಸು, ವಾಸಕ್ಕೋ ಬಾಡಿಗೆಗೋ ಎಂಬುದನ್ನು ಮಾಲೀಕನೇ ಬರೆದುಕೊಡಬೇಕು. ಅಂದರೆ ಕಾನೂನು ಮೊದಲು ನಮ್ಮ ಮಾತನ್ನು ನಂಬುತ್ತದೆ. ಆ ನಂಬಿಕೆಯನ್ನು ಮುರಿಯುವುದು ಸುಳ್ಳು ಸಾಕ್ಷಿಗಿಂತ ಬಹಳ ದೂರದ್ದಲ್ಲ.

ರಸೀದಿಯಲ್ಲಿ ತೆರಿಗೆಯ ಜೊತೆಗೆ 'ಉಪಕರ' ಎಂಬ ಪದ ಕಾಣುತ್ತದೆ. ಒಂದು ನಿರ್ದಿಷ್ಟ ಕಾರ್ಯಕ್ಕೆಂದೇ ವಸೂಲು ಮಾಡುವ ಹಣ ಅದು. ಗ್ರಂಥಾಲಯಕ್ಕೆ ತೆರಿಗೆಯ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಒಂದು ಸಾವಿರ ರೂಪಾಯಿ ತೆರಿಗೆ ಮರೆಮಾಚಿದವರು ಭಿಕ್ಷುಕರ ಪಾಲಿನ 30 ರೂಪಾಯಿಯನ್ನೂ ಹಿಡಿದಿಟ್ಟುಕೊಂಡ ಹಾಗಾಯಿತು. ದೇವಾಲಯದ ಬಾಗಿಲಲ್ಲಿ ನಾಣ್ಯ ಕೊಟ್ಟು, ಇಲ್ಲಿ ಹಿಂತೆಗೆದುಕೊಂಡರೆ ಆ ದಾನಕ್ಕೆ ಏನು ಅರ್ಥ?

'ಕಟ್ಟಿದ ಹಣ ಸರಿಯಾಗಿ ಬಳಕೆಯಾಗುವುದಿಲ್ಲವಲ್ಲ' ಎಂಬ ಆಕ್ಷೇಪಣೆ ಉಂಟು. ಹಲವು ಸಲ ಅದು ನಿಜವೂ ಹೌದು. ಹಾಗಾದರೆ ನಾವು ಮಾಡಬೇಕಾದದ್ದು ಲೆಕ್ಕ ಕೇಳುವುದು. ಸ್ಥಳೀಯ ಸಂಸ್ಥೆಯ ಆಯವ್ಯಯ, ಅಂದರೆ ಬಜೆಟ್ಟು, ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಲೆಕ್ಕ. 'ಆರಂಭಿಕ ಶಿಲ್ಕು' ಎಂದರೆ ಹಿಂದಿನ ವರ್ಷ ಉಳಿದ ಹಣ, ಅಟ್ಟದ ಮೇಲೆ ಉಳಿದ ಕಳೆದ ಸಾಲಿನ ಕೊಬ್ಬರಿಯ ಹಾಗೆ. 'ಅನುದಾನ' ಸರ್ಕಾರದಿಂದ ಬರುವುದು. ಅದರಲ್ಲಿ ಕೆಲವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕು. ಮಗಳ ಫೀಸಿಗೆಂದು ಅಜ್ಜ ಕೊಟ್ಟ ಹಣದಲ್ಲಿ ಸೀರೆ ಕೊಳ್ಳಲಾಗದಷ್ಟೇ. 'ಉಳಿತಾಯ ಬಜೆಟ್ಟು' ಎಂದೊಡನೆ ಹಿಗ್ಗಬೇಡಿ. ಮಾಡಬೇಕಿದ್ದ ಚರಂಡಿ ಮಾಡದೆಯೂ ಹಣ ಉಳಿಯಬಹುದು. ಈ ಲೆಕ್ಕವನ್ನು ವಾರ್ಡಿನ ಸದಸ್ಯರಲ್ಲಿ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿಯನ್ನೂ ಕೊಡಬಹುದು. ಆದರೆ ತನ್ನ ಪಾಲನ್ನೇ ಕಟ್ಟದವನು ಯಾವ ಬಾಯಿಂದ ಕೇಳಿಯಾನು?

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ನ್ಯಾಯವಾದ ತೆರಿಗೆಯನ್ನು ಮೋಸದಿಂದ ತಪ್ಪಿಸಿಕೊಳ್ಳುವವರನ್ನು ಎಚ್ಚರಿಸಿತು. 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥವು ತೆರಿಗೆ ವಂಚನೆಯನ್ನು ಏಳನೇ ಆಜ್ಞೆಯಡಿಯಲ್ಲಿ, ಕಳ್ಳತನದ ಸಾಲಿನಲ್ಲೇ ಇಟ್ಟಿದೆ. ಕಂದಾಯ ಕೊಡುವುದು ಸರಿಯೇ ಎಂದು ಪ್ರಭು ಯೇಸುವನ್ನು ಕೇಳಿದವರಿಗೆ ಸಿಕ್ಕ ಉತ್ತರ ನಮಗೆಲ್ಲ ಗೊತ್ತು. ಅಂದಿನ ಕಂದಾಯ ಪರದೇಶದ ಚಕ್ರವರ್ತಿಗೆ ಹೋಗುತ್ತಿತ್ತು. ಇಂದಿನದು ನಮ್ಮದೇ ಬೀದಿಗೆ, ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ನೆರೆಯವಳಿಗೆ ಸಲ್ಲುತ್ತದೆ.

ನಮ್ಮ ಸಂಸ್ಥೆಗಳೂ ಈ ಮಾತಿಗೆ ಹೊರತಲ್ಲ. ಆರಾಧನೆಗೇ ಬಳಸುವ ಕಟ್ಟಡಕ್ಕೆ ಕಾನೂನು ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿಯ ನೆರಳಲ್ಲಿ ಬಾಡಿಗೆ ಅಂಗಡಿಯನ್ನು ಸೇರಿಸಲಾಗದು.

ಏಪ್ರಿಲ್ ತಿಂಗಳಲ್ಲಿ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿ ಇದೆ. ತಡವಾದರೆ ದಂಡವಿದೆ. ಒಂದು ಸಂಜೆ ಮನೆಮಂದಿಯೆಲ್ಲ ಸೇರಿ ಹಳೆಯ ರಸೀದಿ ತೆಗೆದು, ಟೇಪು ಹಿಡಿದು ಮನೆಯನ್ನು ಅಳೆಯಿರಿ. ಬಿಟ್ಟುಹೋದ ಕೋಣೆಯಿದ್ದರೆ ಸೇರಿಸಿ ಬರೆಯಿರಿ. ಪ್ರಾಮಾಣಿಕತೆ ಎಂದರೇನು ಎಂದು ಮಕ್ಕಳಿಗೆ ಬೇರೆ ಪಾಠ ಹೇಳಬೇಕಾಗುವುದಿಲ್ಲ.