ಗೌರವ ಬೇರೆ, ಕೆಲಸ ಬೇರೆ

ವಯಸ್ಸಾದ, ಕಳಂಕ ಹೊತ್ತ, ಆದರೆ ಕೈಚಳಕ ಇನ್ನೂ ಮಾಸದ ಆಟಗಾರನನ್ನು ತಂಡವೊಂದು ಸೇರಿಸಿಕೊಳ್ಳಬಹುದೇ? 2008ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡಗಳ ಮುಂದೆ ಈ ಪ್ರಶ್ನೆಯಿತ್ತು. ಆಟಗಾರ ಬ್ಯಾರಿ ಬಾಂಡ್ಸ್. ಆಟ ನಮಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಅದರೊಳಗಿನ ನ್ಯಾಯಾನ್ಯಾಯದ ವಿಚಾರ ನಾವೆಲ್ಲರೂ ಯೋಚಿಸತಕ್ಕದ್ದು.

ಕ್ರಿಕೆಟ್ಟಿಗೆ ಸಿಕ್ಸರ್ ಇದ್ದಂತೆ ಬೇಸ್‌ಬಾಲ್‌ಗೆ ಹೋಮ್ ರನ್. 2007ರ ಆಗಸ್ಟ್ 7ರಂದು ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ತಂಡದ ಬಾಂಡ್ಸ್ ತನ್ನ 756ನೆಯ ಹೋಮ್ ರನ್ ಹೊಡೆದು ಹ್ಯಾಂಕ್ ಆರನ್ ಅವರ ದಾಖಲೆ ಮುರಿದ. ಆಗ ಆತನಿಗೆ 43 ವರ್ಷ. ಆ ಋತುವಿನಲ್ಲೇ 28 ಹೋಮ್ ರನ್ ಹೊಡೆದಿದ್ದರೂ ತಂಡ ಆತನನ್ನು ಮುಂದುವರಿಸಲಿಲ್ಲ. ನವೆಂಬರ್‌ನಲ್ಲಿ, ಉದ್ದೀಪನ ಮದ್ದಿನ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದನೆಂದು ಸರಕಾರ ಮೊಕದ್ದಮೆ ಹೂಡಿತು. ಕನಿಷ್ಠ ಸಂಬಳಕ್ಕೂ ಆಡಲು ಸಿದ್ಧನೆಂದರೂ 30 ತಂಡಗಳಲ್ಲಿ ಒಂದೂ ಕರೆಯಲಿಲ್ಲ.

ಕರೆಯದಿರುವುದಕ್ಕೆ ಕಾರಣಗಳಿಲ್ಲವೆಂದಲ್ಲ. ಮದ್ದು ಮುಟ್ಟದೆ ಬೆವರು ಸುರಿಸಿದ ಆಟಗಾರನಿಗೆ ಇದರಿಂದ ಯಾವ ಪಾಠ ಸಿಗುತ್ತದೆ? ಮುದುಕನೊಬ್ಬ ಹಿಡಿದ ಜಾಗ ಹುಡುಗನೊಬ್ಬನಿಗೆ ತಪ್ಪಿದ ಜಾಗವಲ್ಲವೇ? ಆತನ ಮೊಣಕಾಲುಗಳೂ ಸೋತಿದ್ದವು. ಆದರೆ 14 ತಂಡಗಳಿದ್ದ ಅಮೆರಿಕನ್ ಲೀಗ್‌ನಲ್ಲಿ, ಕ್ಷೇತ್ರರಕ್ಷಣೆ ಮಾಡದೆ ಬ್ಯಾಟು ಮಾತ್ರ ಬೀಸುವ ಸ್ಥಾನವೊಂದು ನಿಯಮದಲ್ಲೇ ಇತ್ತು.

ನಮಗೆ ಒಪ್ಪಿಗೆಯಾಗದ ಸಂಗತಿ ಬೇರೆ. ಬಾಂಡ್ಸ್ ಮೇಲಿನ ಆರೋಪಗಳನ್ನು ವಿವರಿಸುವ ಪುಸ್ತಕ 2006ರಲ್ಲೇ ಪ್ರಕಟವಾಗಿತ್ತು. ಅದಾದ ಮೇಲೂ ಜಯಂಟ್ಸ್ ತಂಡ 2007ಕ್ಕೆ 1 ಕೋಟಿ 58 ಲಕ್ಷ ಡಾಲರ್ ಕೊಟ್ಟು ಆತನನ್ನು ಉಳಿಸಿಕೊಂಡಿತು. ದಾಖಲೆಯಾಯಿತು, ಒಪ್ಪಂದ ಮುಗಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತಾಯಿತು. ಮೊಕದ್ದಮೆ ಹೊಸದು, ನಿಜ; ಆದರೆ ಆರೋಪವೇ ತೀರ್ಪಲ್ಲ. 2011ರಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದನೆಂಬ ಒಂದೇ ಅಂಶದ ಮೇಲೆ ಬಂದ ಶಿಕ್ಷೆಯ ತೀರ್ಪು 2015ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು. ತಂಡಗಳು ಕೂಡಿಕೊಂಡು ತನ್ನನ್ನು ಹೊರಗಿಟ್ಟವೆಂಬ ಆತನ ದೂರನ್ನೂ ಅದೇ ವರ್ಷ ಮಧ್ಯಸ್ಥಗಾರರು ತಳ್ಳಿಹಾಕಿದರು.

ಇಲ್ಲಿ ಗೌರವವನ್ನೂ ಕೆಲಸವನ್ನೂ ಬೇರ್ಪಡಿಸಿ ನೋಡಬೇಕು. ಬೇಸ್‌ಬಾಲ್‌ನ 'ಹಾಲ್ ಆಫ್ ಫೇಮ್' ಸೇರಲು ಆಟದ ಜೊತೆಗೆ ಶೀಲವನ್ನೂ ತೂಗಬೇಕೆಂದು ನಿಯಮವೇ ಹೇಳುತ್ತದೆ. 2013ರಿಂದ 2022ರವರೆಗೆ 10 ಸಲ ಪತ್ರಕರ್ತರ ಮತದಲ್ಲಿ ಬಾಂಡ್ಸ್‌ಗೆ ಬೇಕಾದಷ್ಟು ಮತ ಬರಲಿಲ್ಲ. ಅದರಲ್ಲಿ ಅನ್ಯಾಯ ಕಾಣೆವು. ಗೌರವ ಯಾರ ಹಕ್ಕೂ ಅಲ್ಲ, ಕೊಡುವವರು ಬಹಿರಂಗವಾಗಿ ವಾದಿಸಿ, ಮತ ಎಣಿಸಿ ತೀರ್ಮಾನಿಸಿದರು. ಕೆಲಸದ ಮಾತು ಹಾಗಲ್ಲ. ಬೇಸ್‌ಬಾಲ್ ಆಡಳಿತ ಆತನನ್ನು ನಿಷೇಧಿಸಿರಲಿಲ್ಲ. ನಿಷೇಧವಿಲ್ಲದವನಿಗೆ ಎಲ್ಲ ಬಾಗಿಲುಗಳೂ ಮುಚ್ಚಿದರೆ, ವಿಚಾರಣೆಯಿಲ್ಲದೆ ಶಿಕ್ಷೆಯಾದಂತೆ.

ಆದ್ದರಿಂದ ಅವಶ್ಯಕತೆಯಿದ್ದ ತಂಡವೊಂದು, ಎಲ್ಲರಿಗಿರುವ ಮದ್ದು ಪರೀಕ್ಷೆಗೆ ಆತನನ್ನೂ ಒಳಪಡಿಸಿ, ಹೊಗಳಿಕೆಯ ಅಬ್ಬರವಿಲ್ಲದೆ ಸೇರಿಸಿಕೊಂಡಿದ್ದರೆ ತಪ್ಪೇನೂ ಇರಲಿಲ್ಲ ಎಂದು ನಮ್ಮ ಅಭಿಪ್ರಾಯ. ಬೇಡವೆನ್ನುವ ಸ್ವಾತಂತ್ರ್ಯವೂ ತಂಡಕ್ಕಿತ್ತು. ಆದರೆ ಲಾಭವಿದ್ದಾಗ ಕಣ್ಣು ಮುಚ್ಚಿ, ಲಾಭ ತೀರಿದ ಮೇಲೆ ಕಣ್ಣು ತೆರೆಯುವುದನ್ನು ನೀತಿಯೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.